ಮಂಡಿ ನೋವು ಅಂತ ಬಂದ ಹುಡುಗ

ಸಕಲೇಶಪುರ ಕಡೆಯ ಹುಡುಗ, 13 ವರ್ಷ, ವಯಸ್ಸಿಗೆ ಮೀರಿದ ತೂಕ. ಎರಡು ತಿಂಗಳಿಂದ ಬಲ ಮಂಡಿ ನೋವು. ಎಣ್ಣೆ ಹಚ್ಚಿ ತಿಕ್ಕಿದ್ದಾಗಿತ್ತು. ಮಂಡಿ ಎಕ್ಸ್‌ರೇ ತೆಗೆಸಿ, ಏನೂ ಇಲ್ಲ ಅನ್ನಿಸಿಕೊಂಡು, ಮಾತ್ರೆ ನುಂಗಿದ್ದೂ ಆಗಿತ್ತು. ಹಾಸನಕ್ಕೆ ಬಸ್ಸಲ್ಲಿ ಬಂದವನು ಕುಂಟುತ್ತಾ ನನ್ನ ರೂಮಿಗೆ ಬಂದ. ಬಲ ಪಾದ ಹೊರಕ್ಕೆ ತಿರುಗಿತ್ತು.

ಅದನ್ನು ನೋಡಿಯೇ ಅನುಮಾನ ಬಂತು. ಮಲಗಿಸಿ, ತೊಡೆಯನ್ನು ಹೊಟ್ಟೆ ಕಡೆ ಮಡಚಿದೆ. ನೇರವಾಗಿ ಬರಲಿಲ್ಲ, ತಾನಾಗಿಯೇ ಹೊರಕ್ಕೆ ವಾಲಿತು. ಮಂಡಿ ಒತ್ತಿದರೆ ನೋವೇ ಇಲ್ಲ. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ಮೇಲೆ ಕೆಟ್ಟರೆ ಕೆಳಗೆ ನೋಯುತ್ತದೆ.

ಕಪ್ಪೆ ಕೂತ ಹಾಗೆ ಕಾಲು ಅಗಲಿಸಿ ಎರಡೂ ಸೊಂಟದ ಎಕ್ಸ್‌ರೇ ತೆಗೆಸಿದೆ. ತೊಡೆಮೂಳೆಯ ಮೇಲ್ತುದಿಯ ಚೆಂಡು, ಅದನ್ನು ಹೊತ್ತಿರುವ ಮೂಳೆಯ ಕುತ್ತಿಗೆಯಿಂದ ಹಿಂದಕ್ಕೆ ಜಾರಿತ್ತು.

"ಎಲ್ಲೂ ಬಿದ್ದಿಲ್ವಲ್ಲ ಸಾರ್, ಹೆಂಗೆ ಜಾರ್ತದೆ?" ಅಂದರು ಅಪ್ಪ. ಬೆಳೆಯುವ ಮಕ್ಕಳಲ್ಲಿ ಚೆಂಡಿಗೂ ಕುತ್ತಿಗೆಗೂ ನಡುವೆ ಎಳೆ ಮೂಳೆಯ ಪದರ ಇರುತ್ತದೆ, ಅದೇ ಗ್ರೋತ್ ಪ್ಲೇಟ್. ಸರಸರ ಬೆಳೆಯುವ ವಯಸ್ಸಲ್ಲಿ ಅದು ಮೆತ್ತಗಿರುತ್ತದೆ, ಮೇಲೆ ಮೈಭಾರ ಬೇರೆ. ಹಾಗಾಗಿ ಬೀಳದೆಯೂ ನಿಧಾನವಾಗಿ ಜಾರುತ್ತದೆ.

ಊರಿಗೆ ಹೋಗಿ ದುಡ್ಡು ಹೊಂದಿಸಿಕೊಂಡು ಬರ್ತೀವಿ ಅಂದರು. "ನೀವು ಹೋಗಿ ಬನ್ನಿ, ಹುಡುಗ ಇಲ್ಲೇ ಮಲಗಿರಲಿ" ಅಂದೆ. ಈ ಮಾತಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಇವತ್ತು ನಡೆಯುತ್ತಿರುವ ಮಗು ನಾಳೆ ಬಚ್ಚಲಲ್ಲಿ ಕಾಲು ಜಾರಿದರೆ ಚೆಂಡು ಪೂರ್ತಿ ಕಳಚಬಹುದು. ಆಗ ಚೆಂಡಿಗೆ ರಕ್ತ ಕೊಡುವ ನಾಳಗಳು ಹರಿದು, ಅದು ಸತ್ತೇ ಹೋಗಬಹುದು.

ಮರುದಿನ ಬೆಳಿಗ್ಗೆ ಆಪರೇಷನ್. ಜಾರಿದ್ದನ್ನು ಎಳೆದು ಕೂರಿಸಲು ಹೋಗಲಿಲ್ಲ, ಆ ಎಳೆದಾಟದಲ್ಲೂ ರಕ್ತನಾಳ ಕೆಡುತ್ತದೆ. ಇದ್ದಲ್ಲೇ ಒಂದು ಸ್ಕ್ರೂ, ಅಷ್ಟೇ. ಆದರೆ ಆ ಒಂದು ಸ್ಕ್ರೂ ಸರಿಯಾಗಿ ಕೂರಬೇಕಲ್ವಾ? ಚೆಂಡು ಹಿಂದಕ್ಕೆ ಹೋಗಿರುವುದರಿಂದ ಮಾಮೂಲಿನಂತೆ ಪಕ್ಕದಿಂದ ಹೋದರೆ ನಡುವಿಗೆ ಸಿಗುವುದಿಲ್ಲ. ಕುತ್ತಿಗೆಯ ಮುಂಭಾಗದಿಂದ ಹೋಗಬೇಕು. ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ಪರದೆಯಲ್ಲಿ ತೋರಿಸುವ ಸಿ-ಆರ್ಮ್‌ನಲ್ಲಿ ನೋಡಿಕೊಂಡು, ಅರ್ಧ ಇಂಚಿನ ಗಾಯದಿಂದ ಗೈಡ್ ವೈರ್, ಅಂದರೆ ಸ್ಕ್ರೂಗೆ ದಾರಿ ತೋರಿಸುವ ತಂತಿ, ಬಿಟ್ಟೆ. ಮೊದಲ ಸಲ ಸ್ವಲ್ಪ ಮೇಲೆ, ಹಿಂದಕ್ಕೆ ಹೋಯಿತು. ರಕ್ತನಾಳ ಬರುವ ಜಾಗವೇ ಅದು. ಹಿಂದಕ್ಕೆಳೆದು ಮತ್ತೆ ಬಿಟ್ಟೆ. ಎರಡನೇ ಸಲ ನಟ್ಟ ನಡುವೆ, ಗ್ರೋತ್ ಪ್ಲೇಟಿಗೆ ಲಂಬವಾಗಿ ಕೂತಿತು. ಅದರ ಮೇಲೆ ಸ್ಕ್ರೂ ತಿರುಗಿಸಿ, ಅದರ ತಿರುಪಿನ ಗೆರೆಗಳು ಐದು ಸುತ್ತು ಚೆಂಡಿನೊಳಗೆ ಹಿಡಿದಿವೆಯಾ ಅಂತ ಎಣಿಸಿದೆ.

ಕೊನೆಗೆ, ಪರದೆ ನೋಡುತ್ತಾ ಕಾಲನ್ನು ಮೆಲ್ಲಗೆ ತಿರುಗಿಸಿದೆ. ಸ್ಕ್ರೂ ತುದಿ ಚೆಂಡಿನ ಅಂಚಿನ ಹತ್ತಿರ ಬರುತ್ತದೆ, ಬಂದು ಮತ್ತೆ ದೂರ ಸರಿಯುತ್ತದೆ. ತೀರಾ ಹತ್ತಿರ ಬಂದಾಗಲೂ 5 ಮಿಲಿಮೀಟರ್ ಆದರೂ ಉಳಿದಿರಬೇಕು. ಬರೀ ಎರಡು ಚಿತ್ರ ನೋಡಿ ಗಾಯ ಮುಚ್ಚಿದರೆ, ತುದಿ ಕೀಲಿನೊಳಗೆ ಇಣುಕಿದ್ದು ಗೊತ್ತೇ ಆಗದೆ ಕೀಲು ಸವೆದು ಹೋಗಬಹುದು. ಇದಕ್ಕೆ ಐದು ನಿಮಿಷ ಜಾಸ್ತಿ ಹಿಡಿದರೂ ಪರವಾಗಿಲ್ಲ.

ಆರು ವಾರ ಊರುಗೋಲು. ಕಳಿಸುವಾಗ ತಾಯಿಗೆ ಹೇಳಿದೆ: "ಇನ್ನೊಂದು ಕಡೆಯೂ ಜಾರಬಹುದಮ್ಮ. ಎಡ ತೊಡೆಯೋ ಮಂಡಿಯೋ ನೋವು ಅಂದರೆ ಅವತ್ತೇ ಬನ್ನಿ."

ನಾಲ್ಕು ತಿಂಗಳಿಗೆ ಅಪ್ಪನ ಫೋನು. "ಎಡ ಮಂಡಿ ಅಂತಾನೆ ಸಾರ್. ಹೊತ್ಕೊಂಡೇ ಜೀಪಿಗೆ ಹಾಕಿದೀವಿ, ಒಂದು ಹೆಜ್ಜೆನೂ ನಡೆಸಿಲ್ಲ." ಎಕ್ಸ್‌ರೇಯಲ್ಲಿ ಜಾರಲು ಆಗಷ್ಟೇ ಶುರುವಾಗಿತ್ತು.