ಗ್ರಂಥಾಲಯದ ಕೆಲಸಕ್ಕೆಂದು ಕೋಡಿಂಗ್ ಕಲಿತದ್ದು

ನಾನು ಗ್ರಂಥಪಾಲಕಿ. ಸಾಫ್ಟ್‌ವೇರ್ ನನ್ನ ವೃತ್ತಿಯಲ್ಲ, ಆ ಕ್ಷೇತ್ರಕ್ಕೆ ಹೋಗುವ ಆಸೆಯೂ ಇಲ್ಲ. ಆದರೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತೆ. ಯಾವ ಉದ್ಯೋಗದವರಾದರೂ ಒಂದಿಷ್ಟು ಕೋಡಿಂಗ್ ಕಲಿಯುವುದು ಒಳ್ಳೆಯದೆಂದು ಈಗ ಒತ್ತಿ ಹೇಳುತ್ತೇನೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ್ದೇ ವಿಜ್ಞಾನ, ಗಣಿತಗಳ ಆಚೆಗಿನ ವಿದ್ಯಾರ್ಥಿಗಳಿಗೂ ಕಂಪ್ಯೂಟರ್ ಎಟುಕಲಿ ಎಂಬ ಉದ್ದೇಶದಿಂದ.

ನಾನು ಮೊದಲು ಕೈಗೆತ್ತಿಕೊಂಡದ್ದು ಕ್ಯಾಟಲಾಗಿನ ಐಎಸ್‌ಬಿಎನ್, ಅಂದರೆ ಪುಸ್ತಕಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಗಳ ಪರಿಶೀಲನೆಯನ್ನು. 13 ಅಂಕಿಗಳ ಈ ಸಂಖ್ಯೆಯಲ್ಲಿ ಕೊನೆಯದು ತಾಳೆ ನೋಡುವ ಅಂಕಿ: ಅಂಕಿಗಳನ್ನು ಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿದಾಗ ಬರುವ ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗಬೇಕು. ಇದಕ್ಕೆ ಒಂದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೂಚನೆ), ಒಂದು ಇಫ್ (ಷರತ್ತು ನೋಡುವ ಸೂಚನೆ) ಸಾಕು. ಆದರೆ ಬರೆಯಲು ಕುಳಿತಾಗ ಪ್ರಶ್ನೆಗಳು ಒಂದರ ಹಿಂದೊಂದು ಎದ್ದವು. ನಡುವಿನ ಅಡ್ಡಗೆರೆಗಳನ್ನು ತೆಗೆಯಬೇಕೆ? 2007ಕ್ಕಿಂತ ಹಿಂದಿನ, ಕೊನೆಯಲ್ಲಿ ಎಕ್ಸ್ ಬರಬಹುದಾದ 10 ಅಂಕಿಗಳ ಸಂಖ್ಯೆ ಸಿಕ್ಕರೆ? ಖಾನೆ ಖಾಲಿಯಿದ್ದರೆ ಅದು ತಪ್ಪೋ, ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕವೋ? ಸಹೋದ್ಯೋಗಿಗಾದರೆ "ಸಂಖ್ಯೆ ಸರಿಯಿದೆಯೇ ನೋಡಿ" ಎಂದರೆ ಮುಗಿಯಿತು, ಉಳಿದದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ. ಕಂಪ್ಯೂಟರ್ ಊಹಿಸುವುದಿಲ್ಲವಾದ್ದರಿಂದ, ವರ್ಷಗಳಿಂದ ಅಭ್ಯಾಸಬಲದ ಮೇಲೆ ಮಾಡುತ್ತಿದ್ದ ಕೆಲಸದ ನಿಯಮಗಳನ್ನು ನಾನು ಮೊದಲ ಬಾರಿಗೆ ಬಿಡಿಬಿಡಿಯಾಗಿ ಬರೆದೆ.

ಪ್ರೋಗ್ರಾಂ ಪರೀಕ್ಷಿಸಲು ಅಕ್ಕಪಕ್ಕದ ಅಂಕಿಗಳನ್ನು ಬೇಕೆಂದೇ ಅದಲುಬದಲು ಮಾಡಿ ನೋಡಿದಾಗ, 2 ಮತ್ತು 7 ಸ್ಥಾನ ಬದಲಿಸಿದರೂ ಅದು ಸಂಖ್ಯೆ ಸರಿಯೆಂದೇ ಹೇಳಿತು. ಕಾರಣ ಲೆಕ್ಕದಲ್ಲೇ ಇತ್ತು: ಅದಲುಬದಲಿನಿಂದ ಮೊತ್ತವು ಎರಡು ಅಂಕಿಗಳ ವ್ಯತ್ಯಾಸದ ಇಮ್ಮಡಿಯಷ್ಟು ಬದಲಾಗುತ್ತದೆ, ವ್ಯತ್ಯಾಸ 5 ಆದರೆ ಆ ಬದಲಾವಣೆ 10, ಹಾಗಾಗಿ ಗೊತ್ತಾಗುವುದೇ ಇಲ್ಲ. ಮೊತ್ತವನ್ನು 11ರಿಂದ ಭಾಗಿಸಿ ಶೇಷ ನೋಡುತ್ತಿದ್ದ, 10 ಅಂಕಿಗಳ ಹಳೆಯ ಪದ್ಧತಿ ಇದನ್ನು ಹಿಡಿಯುತ್ತಿತ್ತು. ನಿತ್ಯ ನಂಬಿ ಬಳಸುವ ಸಂಖ್ಯೆಯೊಂದರ ಬಲ ಎಲ್ಲಿಯವರೆಗೆ ಎಂಬುದು ನನಗೆ ಹೀಗೆ ಮನವರಿಕೆಯಾಯಿತು. ಓದಿ ತಿಳಿದಿದ್ದರೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲವೆಂದೇ ನನ್ನ ಭಾವನೆ.

ಇದನ್ನೆಲ್ಲ ಪ್ರೋಗ್ರಾಮರೊಬ್ಬರಿಗೆ ವಹಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಗುಣಾಕಾರವನ್ನು ಅವರು ನನಗಿಂತ ಚೊಕ್ಕವಾಗಿ ಬರೆಯುತ್ತಿದ್ದರು, ನಿಜ. ಆದರೆ ಪ್ರಕಾಶಕರೇ ತಪ್ಪು ಐಎಸ್‌ಬಿಎನ್ ಮುದ್ರಿಸುವುದುಂಟು, ಅದನ್ನು ಅಳಿಸಿಹಾಕಬಾರದು, ಗ್ರಂಥಾಲಯಗಳು ಪುಸ್ತಕದ ವಿವರ ದಾಖಲಿಸುವ ಮಾರ್ಕ್ 21 ಎಂಬ ನಮೂನೆಯ 020ನೆಯ ಫೀಲ್ಡಿನಲ್ಲಿ (ಖಾನೆಯಲ್ಲಿ) ಅಂಥ ಸಂಖ್ಯೆಗೆಂದೇ ಜೆಡ್ ಎಂಬ ಉಪಫೀಲ್ಡ್ ಇದೆ ಎಂಬುದು ಈ ಕೆಲಸ ಮಾಡುವವರಿಗೆ ಮಾತ್ರ ಥಟ್ಟನೆ ಹೊಳೆಯುತ್ತದೆ. ಆ ಷರತ್ತನ್ನು ಪ್ರೋಗ್ರಾಮಿಗೆ ನಾನೇ ಸೇರಿಸಿದೆ.