ಬೆಳ್ಳಿ ಕರಗಿಸುವ ಮೊದಲು ಮೂಸೆ ಒಣಗಲಿ

ನಮ್ಮ ಅಪ್ಪಯ್ಯ ಊದುಗೊಳವಿ ಹಿಡಿದು ಮೂಸೆಯಲ್ಲಿ, ಅಂದರೆ ಬೆಂಕಿ ತಡೆಯುವ ಪುಟ್ಟ ಬಟ್ಟಲಲ್ಲಿ, ಬೆಳ್ಳಿ ಕರಗಿಸುತ್ತಿದ್ದರು. ನನ್ನದು ಗ್ಯಾಸ್ ಟಾರ್ಚ್. ಆದರೂ ಅವರ ಒಂದು ಮಾತನ್ನು ನಾನು ಬಿಟ್ಟಿಲ್ಲ: "ಮೂಸೆ, ಅಚ್ಚು, ಇಕ್ಕಳ, ಯಾವುದರಲ್ಲೂ ನೀರಿನ ಪಸೆ ಇರಕೂಡದು." ಹದಿನಾರರ ವಯಸ್ಸಿನಲ್ಲಿ, ಆಷಾಢದ ಮಳೆಯಲ್ಲಿ ಹೊರಗಿದ್ದ ಅಚ್ಚನ್ನು ಬಟ್ಟೆಯಲ್ಲಿ ಒರೆಸಿ ಹಾಗೇ ಸುರಿದೆ. ಉಳಿದಿದ್ದ ತೇವ ಒಮ್ಮೆಲೇ ಆವಿಯಾಗಿ ಬೆಳ್ಳಿ ಮೇಲಕ್ಕೆ ಚಿಮ್ಮಿತು. ಎಡ ಮುಂಗೈಯಲ್ಲಿ ಆ ಕಲೆ ಈಗಲೂ ಇದೆ.

ಮೊದಲ ಸಲ ಕರಗಿಸುವವರು 20 ಗ್ರಾಂ ಮೀರಬೇಡಿ. ಶುದ್ಧ ಬೆಳ್ಳಿಯ ತಂತಿ, ತಗಡಿನ ಚೂರು ಸಾಕು. ಹಳೆಯ ಕಾಲ್ಗೆಜ್ಜೆ ಬೇಡ. ಟೊಳ್ಳು ಗುಂಡುಗಳೊಳಗೆ ಸಿಕ್ಕಿಕೊಂಡ ತೇವ ಸಿಡಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೆಸುಗೆಯದು. ಕೆಡಿಎಂ ಅನ್ನುತ್ತಾರಲ್ಲ, ಅದು ಕ್ಯಾಡ್ಮಿಯಂ ಬೆಸುಗೆ. ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಸೆಲ್ಸಿಯಸ್ ಬೇಕು. ಕ್ಯಾಡ್ಮಿಯಂ 767ಕ್ಕೇ ಕುದಿದು ಹೊಗೆಯಾಗುತ್ತದೆ. ಆ ಹೊಗೆ ಶ್ವಾಸಕೋಶಕ್ಕೆ ವಿಷ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಸತು ಬಳಿದ ಕಬ್ಬಿಣಕ್ಕೂ ಟಾರ್ಚ್ ಹಿಡಿಯಬೇಡಿ.

ಹಿತ್ತಿಲ ಜಗಲಿಯ ನೆರಳಲ್ಲಿ ಕೂರಿ. ಬಿಸಿಲಲ್ಲಿ ಲೋಹ ಕೆಂಪಾದದ್ದು ಕಣ್ಣಿಗೆ ಕಾಣದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಮುಚ್ಚಿದ ಕೋಣೆ ಬೇಡವೇ ಬೇಡ, ಪೈಪಿನ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಮೂಸೆಯ ಕೆಳಗೆ ಕಬ್ಬಿಣದ ಬಾಣಲೆಯಲ್ಲಿ ಹುರಿದು ಒಣಗಿಸಿದ ಮರಳು ಇರಲಿ. ಬರಿಯ ಸಿಮೆಂಟ್ ನೆಲಕ್ಕೆ ಕರಗಿದ ಲೋಹ ಬಿದ್ದರೆ ಸಿಮೆಂಟೇ ಸಿಡಿಯುತ್ತದೆ. ಹತ್ತಿ ಬಟ್ಟೆ, ಚರ್ಮದ ಶೂ, ರಕ್ಷಣಾ ಕನ್ನಡಕ. ಮಕ್ಕಳು ಹತ್ತಿರ ಬರಬಾರದು.

ಮೂಸೆಯನ್ನು ಮೊದಲು ಖಾಲಿಯಾಗೇ ನಿಧಾನ ಕಾಯಿಸಿ. ಕೆಂಪಾದಾಗ ಚಿಟಿಕೆ ಬಿಳಿಗಾರ (ಬೋರಾಕ್ಸ್) ಹಾಕಿ ತಿರುಗಿಸಿದರೆ ಒಳಮೈಗೆ ಗಾಜಿನಂಥ ಲೇಪ ಕೂರುತ್ತದೆ. ಅಚ್ಚಿಗೆ ಎಣ್ಣೆದೀಪದ ಕಾಡಿಗೆ ಹಿಡಿಸಿ, ಅದನ್ನೂ ಚೆನ್ನಾಗಿ ಬಿಸಿ ಮಾಡಿಟ್ಟುಕೊಳ್ಳಿ. ಆಮೇಲೆ ಬೆಳ್ಳಿ. ಚೂರುಗಳು ಕೆಂಪಾಗಿ, ಕುಗ್ಗಿ, ಒಂದನ್ನೊಂದು ಸೇರಿ ಗುಂಡಾಗುತ್ತವೆ. ಆ ಗುಂಡು ಕನ್ನಡಿಯಂತೆ ಹೊಳೆದು ಮೂಸೆಯಲ್ಲಿ ಸಲೀಸಾಗಿ ಓಡಾಡಿದರೆ ಹದ ಬಂತು. ಇನ್ನೂ ಕಾಯಿಸುತ್ತ ಕೂರಬೇಡಿ. ಕರಗಿದ ಬೆಳ್ಳಿ ಆಮ್ಲಜನಕ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದನ್ನು ಉಗುಳಿ ಮೈಯೆಲ್ಲ ಗುಳ್ಳೆ ಮಾಡಿಕೊಳ್ಳುತ್ತದೆ. ಜ್ವಾಲೆಯನ್ನು ಮೂಸೆಯ ಬಾಯಿಂದ ಸರಿಸದೆ, ಒಂದೇ ಧಾರೆಯಲ್ಲಿ ಸುರಿಯಿರಿ.

ಸಿಲಿಂಡರಿನ ವಾಲ್ವ್ ಮುಚ್ಚಿ. ಅಚ್ಚಿನಲ್ಲಿ ಗಟ್ಟಿಯಾದ ಬೆಳ್ಳಿಯ ಕೆಂಪು ಪೂರ್ತಿ ಆರಿದ ಮೇಲೆ ಅದನ್ನು ಇಕ್ಕಳದಲ್ಲಿ ಹಿಡಿದು ನೀರಿಗದ್ದಿ. ಆ ಬಕೆಟ್ಟು ಅಲ್ಲಿಯವರೆಗೂ ಮೂಸೆಯಿಂದ ನಾಲ್ಕು ಹೆಜ್ಜೆ ದೂರವೇ ಇರಲಿ.