ಮಳೆ ಬಂದ ಸಂಜೆ ಬೆಂಗಳೂರಿಗೆ ಎಷ್ಟು ಕರೆಂಟ್ ಬೇಕು?

ಮೆಷಿನ್ ಲರ್ನಿಂಗ್ ಬಳಸಿ ಬೆಂಗಳೂರಿನ ವಿದ್ಯುತ್ ಬೇಡಿಕೆ ಅಂದಾಜು ಮಾಡುವ ಕೆಲಸದಲ್ಲಿ ಬಿಸಿಲಿಗಿಂತ ಮಳೆಯೇ ನನ್ನನ್ನು ಜಾಸ್ತಿ ಕಾಡಿತು.

ಈ ಲೆಕ್ಕದಲ್ಲಿ ಒಂದು ದಿನವೆಂದರೆ 15 ನಿಮಿಷದ 96 ಬ್ಲಾಕ್‌ಗಳು. ನಾಳೆಯ ಒಂದೊಂದು ಬ್ಲಾಕ್‌ಗೂ ಎಷ್ಟು ಮೆಗಾವ್ಯಾಟ್ ಬೇಕು ಅಂತ ಇವತ್ತೇ ಹೇಳಬೇಕು. ಕಳೆದ ವಾರ ಇದೇ ದಿನ, ಇದೇ ಹೊತ್ತಿಗೆ ಇದ್ದ ಲೋಡನ್ನೇ (ಊರು ಎಳೆಯುತ್ತಿದ್ದ ವಿದ್ಯುತ್ತನ್ನೇ) ನಾಳೆಗೂ ಇಟ್ಟುಕೊಂಡು ಶುರು ಮಾಡಿದೆ. ಇಷ್ಟು ಸರಳ ಅಂದಾಜನ್ನೂ ಮೀರಿಸದ ಮಾಡೆಲ್ ಯಾಕೆ ಬೇಕು, ಅಲ್ವಾ? ಆಮೇಲೆ ಹಳೆಯ ಅಂಕಿಗಳಿಂದ ಕಲಿತು ಅಂದಾಜು ಹೇಳುವ ಲೈಟ್‌ಜಿಬಿಎಂ ಎಂಬ ಮೆಷಿನ್ ಲರ್ನಿಂಗ್ ಸಾಧನ ತಂದೆ. ಹಳೆಯ ಲೋಡ್, ಉಷ್ಣಾಂಶ, ತೇವಾಂಶ, ವಾರದ ದಿನ ಎಲ್ಲವನ್ನೂ ಕೊಟ್ಟೆ. ಯುಗಾದಿ, ಗಣೇಶ ಹಬ್ಬ, ಆಯುಧ ಪೂಜೆ ವರ್ಷ ವರ್ಷ ಬೇರೆ ತಾರೀಖಿಗೆ ಬರುತ್ತವೆ. ಅವನ್ನು ಪಂಚಾಂಗ ನೋಡಿ ಕೈಯಾರೆ ತುಂಬಿಸಿದೆ. ಚಳಿಗಾಲದ ಬೆಳಗ್ಗೆ ಗೀಸರ್‌ಗಳಿಂದ ಏರುವ ಲೋಡನ್ನು ಮಾಡೆಲ್ ಬೇಗ ಕಲಿಯಿತು.

ಏಪ್ರಿಲ್, ಮೇ ಸಂಜೆಗಳ ಕತೆ ಬೇರೆ. ಗುಡುಗು ಮಳೆ ಬಂತೆಂದರೆ ಲೋಡ್ ದಿಢೀರ್ ಕುಸಿಯುತ್ತದೆ. ಅದಕ್ಕೆ ಎರಡು ಕಾರಣ. ತಂಪಾಯಿತೆಂದು ಜನ ಎಸಿ, ಫ್ಯಾನ್ ಆರಿಸುತ್ತಾರೆ. ಇಲ್ಲವೇ ತಂತಿಯ ಮೇಲೆ ಮರದ ಕೊಂಬೆ ಬಿದ್ದು ಫೀಡರ್ (ಸಬ್‌ಸ್ಟೇಷನ್‌ನಿಂದ ಒಂದು ಪ್ರದೇಶಕ್ಕೆ ಕರೆಂಟ್ ಒಯ್ಯುವ ಲೈನ್) ಟ್ರಿಪ್ ಆಗಿ ಕರೆಂಟ್ ಹೋಗಿರುತ್ತದೆ. ಒಟ್ಟು ಲೋಡಿನ ಗ್ರಾಫಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ಬೇಡಿಕೆಯೇ ಇಳಿದಿದೆ. ಎರಡನೆಯದರಲ್ಲಿ ಜನರಿಗೆ ಕರೆಂಟ್ ಬೇಕು, ಸಿಗುತ್ತಿಲ್ಲ. ಕತ್ತಲಲ್ಲಿ ಕೂತವರನ್ನು ಕರೆಂಟ್ ಬೇಡದವರ ಲೆಕ್ಕಕ್ಕೆ ಸೇರಿಸಿದರೆ, ಮಳೆ ಬಂದಾಗ ಕಡಿಮೆ ಕೊಟ್ಟರೂ ನಡೆಯುತ್ತದೆ ಅಂತ ಮಾಡೆಲ್ ಕಲಿತುಬಿಡುತ್ತದೆ. ಇದನ್ನು ನಾನು ಒಪ್ಪಲಾರೆ.

ಹಾಗಾಗಿ ಒಟ್ಟು ಲೋಡ್ ಬಿಟ್ಟು 11 ಕೆವಿ ಫೀಡರ್‌ಗಳ ಮಟ್ಟಕ್ಕೆ ಇಳಿದೆ. ಬ್ರೇಕರ್ (ಫೀಡರ್‌ನ ಸ್ವಿಚ್) ತೆರೆದುಕೊಂಡು ಕರೆಂಟ್ ನಿಂತಿದ್ದ ಹೊತ್ತನ್ನು ಲಾಗ್‌ನಿಂದ ಹುಡುಕಿದೆ. ಆ ಬ್ಲಾಕ್‌ಗಳನ್ನು ಸೊನ್ನೆ ಎಂದು ಇಡದೆ ಖಾಲಿ ಬಿಟ್ಟೆ. ಕರೆಂಟ್ ವಾಪಸ್ ಬಂದ ಕೂಡಲೇ ಫ್ರಿಜ್, ನೀರಿನ ಮೋಟಾರ್, ಯುಪಿಎಸ್ ಬ್ಯಾಟರಿ ಎಲ್ಲವೂ ಒಟ್ಟಿಗೆ ಎಳೆಯುತ್ತವೆ. ಆಗ ಲೋಡ್ ಮಾಮೂಲಿಗಿಂತ ಮೇಲೆ ಹೋಗುತ್ತದೆ. ಆ ಬ್ಲಾಕ್‌ಗಳಿಗೂ ಬೇರೆ ಗುರುತು ಹಾಕಿದೆ. ಬೇಸರದ ಕೆಲಸವೇ, ಆದರೆ ಇಷ್ಟು ಲಾಭ ಬೇರೆ ಯಾವುದರಿಂದಲೂ ಸಿಗಲಿಲ್ಲ.

ಪರೀಕ್ಷೆಯಲ್ಲೂ ಒಂದು ಕಟ್ಟುನಿಟ್ಟು ಇಟ್ಟುಕೊಂಡೆ. ಆ ದಿನ ನಿಜವಾಗಿ ಬಿದ್ದ ಮಳೆಯ ಅಂಕಿ ಮಾಡೆಲ್‌ಗೆ ಸಿಗಬಾರದು. ಹಿಂದಿನ ದಿನ ಕೈಯಲ್ಲಿದ್ದ ಹವಾಮಾನ ಮುನ್ಸೂಚನೆ ಮಾತ್ರ ಸಿಗಬೇಕು. ಯಲಹಂಕದಲ್ಲಿ ಸುರಿಯುವಾಗ ಜಯನಗರ ಒಣಗಿರುವ ಊರಿದು. ನಾಳೆ ಸಂಜೆಯ ಮಳೆ ಎಲ್ಲಿ ಬೀಳುತ್ತದೆಂದು ಇವತ್ತು ಯಾರೂ ಖಚಿತವಾಗಿ ಹೇಳಲಾರರು.

ಅದಕ್ಕೇ ಆ ತಿಂಗಳುಗಳ ಸಂಜೆಗೆ ಒಂದೇ ಅಂಕಿ ಕೊಡುವುದನ್ನು ನಿಲ್ಲಿಸಿದೆ. ಮಳೆ ಬಂದರೆ ಎಷ್ಟಕ್ಕೆ ಇಳಿಯಬಹುದು, ಬಾರದಿದ್ದರೆ ಎಷ್ಟಕ್ಕೆ ಏರಬಹುದು ಅಂತ ಎರಡು ಗೆರೆ ಕೊಡುತ್ತೇನೆ. ಮಧ್ಯಾಹ್ನ ಮೋಡ ನೋಡಿಕೊಂಡು ಉಳಿದ ಬ್ಲಾಕ್‌ಗಳ ಲೆಕ್ಕವನ್ನು ಮತ್ತೆ ಮಾಡುತ್ತೇನೆ.